ಮಾತ್ರೆ ತಂದುಕೊಟ್ಟವನು

ಪ್ರವೀಣ ಆ ಮಾತ್ರೆಯನ್ನು ಮೊದಲ ಸಲ ತಂದುಕೊಟ್ಟಾಗ ಕ್ಷಮಾ ನಕ್ಕಿದ್ದಳು. ಎದೆಯ ಮೇಲಿನ ಭಾರ ಇಳಿದವಳ ಹಾಗೆ, ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ನಕ್ಕಿದ್ದಳು. ಹಿಂದಿನ ರಾತ್ರಿ ಕೂಡುವಾಗ ಇಬ್ಬರೂ ಎಚ್ಚರಿಕೆ ಮರೆತಿದ್ದರು. ಬೆಳಿಗ್ಗೆ ಎದ್ದವಳೇ ಮುಖ ಸಣ್ಣದು ಮಾಡಿಕೊಂಡು, "ಈಗ ಎಂತ ಮಾಡುದು? ಧೃತಿ ಇನ್ನೂ ಸರಿಯಾಗಿ ಮಾತಾಡ್ಲಿಕ್ಕೆ ಕಲೀಲಿಲ್ಲ. ನನಗೆ ಪರೀಕ್ಷೆ ಬೇರೆ ಉಂಟು" ಎಂದಿದ್ದಳು. ಪ್ರವೀಣ ಅವತ್ತು ಮಂಗಳೂರಿಗೆ ಹೋಗುವವನಿದ್ದ. ಬರುವಾಗ ಯಾರ ಪರಿಚಯವೂ ಇಲ್ಲದ ಒಂದು ಮೆಡಿಕಲ್ಲಿನಿಂದ ಸಣ್ಣ ಪೆಟ್ಟಿಗೆಯೊಂದನ್ನು ಕಿಸೆಗೆ ಹಾಕಿಕೊಂಡು ಬಂದ. ಒಳಗೆ ಗರ್ಭ ನಿಲ್ಲದ ಹಾಗೆ ತಡೆಯುವ ಒಂದೇ ಒಂದು ಮಾತ್ರೆ. ಮೂರು ದಿನದೊಳಗೆ ತೆಗೆದುಕೊಂಡರೆ ಸಾಕು, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು ಎಂದು ಅಂಗಡಿಯವನು ಹೇಳಿದ್ದ.

"ಇಷ್ಟೇಯಾ?" ಎಂದಳು ಕ್ಷಮಾ.

"ಇಷ್ಟೇ. ಸುಮ್ಮನೆ ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡೆ ನೀನು."

ಆ ತಿಂಗಳು ಎಲ್ಲವೂ ಸರಿಯಾಗಿಯೇ ಆಯಿತು. ಹಾಗೆ ಸರಿಯಾದದ್ದೇ ಮುಂದಿನದ್ದಕ್ಕೆಲ್ಲ ದಾರಿಯಾಯಿತು ಎಂದು ಪ್ರವೀಣನಿಗೆ ಹೊಳೆದದ್ದು ಬಹಳ ತಡವಾಗಿ.

ಸೀತಾಂಗೋಳಿಯ ಜಂಕ್ಷನ್ನಿನಿಂದ ತುಸು ಒಳಗೆ ಅವನದೊಂದು ಅಲ್ಯುಮಿನಿಯಂ ವರ್ಕ್‌ಶಾಪ್ ಇತ್ತು. ಕಿಟಕಿ, ಬಾಗಿಲು, ಅಡುಗೆಮನೆಯ ಕಪಾಟು ಮಾಡಿಕೊಡುವ ಕೆಲಸ. ಗಲ್ಫಿನವರು ಕಟ್ಟಿಸುವ ಹೊಸ ಮನೆಗಳು ಸುತ್ತಮುತ್ತ ಏಳುತ್ತಲೇ ಇದ್ದುದರಿಂದ ಕೈತುಂಬ ಕೆಲಸವಿತ್ತು. ತಂದೆ ಭುಜಂಗ ಶೆಟ್ಟರು ತೀರಿಕೊಂಡ ಮೇಲೆ ಮನೆಯಲ್ಲಿ ಅವನು, ತಾಯಿ ಹರಿಣಾಕ್ಷಿ, ಹೆಂಡತಿ ಕ್ಷಮಾ ಮತ್ತು ಪುಟ್ಟ ಧೃತಿ. ಕ್ಷಮಾ ಪೆರ್ಲದ ಹುಡುಗಿ. ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಕನ್ನಡ ಮಾಧ್ಯಮದ ಪ್ರೈಮರಿ ಶಾಲೆಯ ಕೆಲಸಕ್ಕೆ ಕೇರಳದ ಪಿ.ಎಸ್.ಸಿ. ಪರೀಕ್ಷೆ ಬರೆಯಬೇಕೆಂದು ಮದುವೆಗೆ ಮೊದಲೇ ಹೇಳಿದ್ದಳು. ಆ ಪರೀಕ್ಷೆ ವರ್ಷ ವರ್ಷ ಬರುವಂಥದ್ದಲ್ಲ. ಒಮ್ಮೆ ತಪ್ಪಿದರೆ ಮುಂದಿನ ಅಧಿಸೂಚನೆಗೆ ಎಷ್ಟು ಕಾಲ ಕಾಯಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಕಳೆದ ಸಲದ್ದು ಬಂದಾಗ ಧೃತಿ ಅವಳ ಹೊಟ್ಟೆಯಲ್ಲಿದ್ದಳು. ಮಲಗಿದಲ್ಲೇ ಇರಬೇಕೆಂದು ಡಾಕ್ಟರು ಹೇಳಿದ್ದರಿಂದ ಬರೆಯಲಾಗಲಿಲ್ಲ. ಈ ಸಲ ಬಿಡುವುದಿಲ್ಲ ಎಂದು ಕುಳಿತಿದ್ದಳು. ಗೆಳತಿ ಭವ್ಯಶ್ರೀ ವಾರಕ್ಕೆರಡು ಸಲ ಬದಿಯಡ್ಕದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಇಬ್ಬರೂ ಚಾವಡಿಯಲ್ಲಿ ಪುಸ್ತಕ ಹರಡಿಕೊಂಡು ಪರಸ್ಪರ ಪ್ರಶ್ನೆ ಕೇಳಿಕೊಳ್ಳುತ್ತಿದ್ದರು.

ಎರಡನೆಯ ಮಗು ಬೇಕು, ಆದರೆ ಕೆಲಸ ಸಿಕ್ಕಿದ ಮೇಲೆ. ಇದರಲ್ಲಿ ಗಂಡ ಹೆಂಡಿರಿಗೆ ಭಿನ್ನಾಭಿಪ್ರಾಯ ಇರಲಿಲ್ಲ. ಅಲ್ಲಿಯವರೆಗೆ ಎಂತ ಮಾಡುವುದು ಎಂಬಲ್ಲಿ ಮಾತ್ರ ಪ್ರವೀಣ ಜಾರಿಕೊಳ್ಳುತ್ತಿದ್ದ.

"ಅಂಗಡಿಯಿಂದ ಕಾಂಡೋಮ್ ತನ್ನಿ" ಎಂದು ಕ್ಷಮಾ ಸಂಕೋಚವಿಲ್ಲದೆಯೇ ಹೇಳಿದ್ದಳು. ಅವನು ಒಂದು ಸಲ ತಂದದ್ದೂ ಹೌದು. ಬದಿಯಡ್ಕದಲ್ಲಿ ಮೆಡಿಕಲ್ ಇಟ್ಟುಕೊಂಡಿದ್ದ ಸುಧೀರ್ ಅವನ ಜತೆಗೇ ಓದಿದವನು. ಗಿರಾಕಿಗಳು ಕರಗುವವರೆಗೂ ಕಾದು, ತಗ್ಗಿದ ದನಿಯಲ್ಲಿ ಪ್ರವೀಣ ಕೇಳಿದ. ಸುಧೀರ್ ಪೇಪರಿನಲ್ಲಿ ಸುತ್ತಿಕೊಡುತ್ತಾ, "ಎಂತ ಮಾರಾಯ, ಮದುವೆಯಾದವನಿಗೆ ಇದೆಲ್ಲ ಎಂತಕ್ಕೆ? ಇನ್ನೊಂದು ಆಗ್ಲಿ, ಗಂಡು" ಎಂದು ಗಟ್ಟಿಯಾಗಿಯೇ ಹೇಳಿ ನಕ್ಕ. ಅಷ್ಟು ಹೊತ್ತಿಗೆ ಬಿ.ಪಿ. ಮಾತ್ರೆಗೆಂದು ಬಂದು ನಿಂತಿದ್ದ ಶಿವಸುಬ್ರಹ್ಮಣ್ಯ ಭಟ್ಟರು ಸುಮ್ಮನೆ ಬೇರೆ ಕಡೆ ನೋಡಿ ಮುಗುಳ್ನಕ್ಕರು. ನಿವೃತ್ತ ಅಧ್ಯಾಪಕರು ಅವರು, ಪ್ರವೀಣನಿಗೆ ಗಣಿತ ಕಲಿಸಿದವರು. ಅವನ ಕಿವಿ ಬಿಸಿಯಾಯಿತು. ಆಮೇಲೆ ಅವನು ಅದನ್ನು ಕೇಳಿಕೊಂಡು ಯಾವ ಅಂಗಡಿಗೂ ಹೋಗಲಿಲ್ಲ. ನಾಚಿಕೆಯೊಂದೇ ಕಾರಣವಲ್ಲ, ಅವನಿಗೆ ಅದು ಹಿಡಿಸಿರಲಿಲ್ಲ. ನಾಚಿಕೆ ಎಂದು ಕಾರಣ ಹೇಳುವುದು ಸುಲಭವಾಗಿತ್ತು.

ಧೃತಿಗೆ ಚುಚ್ಚುಮದ್ದಿನ ದಿನ ನೆನಪಿಸಲು ಆರೋಗ್ಯ ಸಬ್‌ಸೆಂಟರಿನ ಸಿಸ್ಟರ್ ಮನೆಗೆ ಬಂದಾಗ ಕ್ಷಮಾ ಅವರನ್ನೇ ಕೇಳಿದಳು. ಸಿಸ್ಟರ್ ಜಗಲಿಯಲ್ಲಿ ಕುಳಿತು ಎಲ್ಲ ವಿವರಿಸಿದರು. ದಿನಾ ತಿನ್ನುವ ಮಾತ್ರೆ ಉಂಟು. ಆದರೆ ಕ್ಷಮಾಳಿಗೆ ಅರ್ಧ ತಲೆನೋವಿನ ಕಾಟವಿದ್ದುದರಿಂದ ಅದಕ್ಕೆ ಮೊದಲು ಡಾಕ್ಟರನ್ನು ಕಾಣಬೇಕು. ಕಾಪರ್-ಟಿ ಆದರೆ ಹೆಲ್ತ್ ಸೆಂಟರಿನಲ್ಲೇ ಹಾಕುತ್ತಾರೆ, ಬೇಡವೆಂದಾಗ ತೆಗೆಸಬಹುದು. ಕ್ಷಮಾಳ ಮುಖ ಅರಳಿತು. ಅಲ್ಲೇ ಹಲಸಿನ ತೊಳೆ ಬಿಡಿಸುತ್ತಿದ್ದ ಹರಿಣಾಕ್ಷಿ ಕೈಗೆ ಎಣ್ಣೆ ಸವರಿಕೊಳ್ಳುತ್ತಾ ಮಧ್ಯೆ ಬಾಯಿ ಹಾಕಿದರು.

"ಅದೆಲ್ಲ ಒಳಗೆ ಹಾಕಿಸಿಕೊಳ್ಳುದು ಬೇಡ. ಈ ಮನೆಯಲ್ಲಿ ಬೇಡ."

"ಅಮ್ಮ, ಈಗ ಮೊದಲಿನ ಹಾಗೆ ಅಲ್ಲ" ಎಂದು ಸಿಸ್ಟರ್ ಸಮಾಧಾನ ಹೇಳಹೊರಟರು. ಹರಿಣಾಕ್ಷಿ ಕೇಳಲು ನಿಲ್ಲಲಿಲ್ಲ. ಹಲಸಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಅವತ್ತು ಸಂಜೆ ಪ್ರವೀಣ ವರ್ಕ್‌ಶಾಪಿನಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಕ್ಷಮಾ ಬಾವಿಕಟ್ಟೆಯ ಹತ್ತಿರವೇ ಬಂದು ನಿಂತಳು. "ಮಾಮಿಗೆ ನೀವು ಒಂದು ಮಾತು ಹೇಳಿ. ನಾನು ಹೇಳಿದ್ರೆ ಎದುರು ಮಾತಾಡಿದ ಹಾಗೆ ಆಗ್ತದೆ. ನೀವು ಹೇಳಿದ್ರೆ ಕೇಳ್ತಾರೆ."

"ಅಮ್ಮನ ಹತ್ತಿರ ಇಂಥದ್ದೆಲ್ಲ ಹೇಗೆ ಮಾತಾಡುದು? ಪರೀಕ್ಷೆ ಒಂದು ಮುಗೀಲಿ, ಮತ್ತೆ ನೋಡುವ. ಅಷ್ಟರವರೆಗೆ ಆ ಮಾತ್ರೆ ಉಂಟಲ್ಲ."

"ಅದು ಯಾವಾಗಲೂ ತಿನ್ಲಿಕ್ಕೆ ಅಲ್ಲ ಅಂತ ಸಿಸ್ಟರ್ ಹೇಳಿದ್ರು."

"ಅವರು ಹಾಗೆ ಹೇಳ್ಲೇಬೇಕಲ್ಲ" ಎಂದು ಪ್ರವೀಣ ಮುಖ ಒರೆಸಿದ ತೋರ್ತು ಹೆಗಲಿಗೆ ಹಾಕಿಕೊಂಡು ಒಳಗೆ ನಡೆದ.

ಹಾಗೆ ಮಾತ್ರೆ ಮನೆಗೆ ಬರತೊಡಗಿತು. ಮಂಗಳೂರಿಗೆ ಹೋದಾಗಲೆಲ್ಲ ಧೃತಿಯ ಸೋಪು, ಬಿಸ್ಕೆಟಿನ ಜತೆಗೆ ಒಂದೆರಡು ಪೆಟ್ಟಿಗೆ ತರುತ್ತಿದ್ದ. ಅದರಲ್ಲಿ ಅವನಿಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ಹೆಂಡತಿಯ ಪರೀಕ್ಷೆಗೆ ತೊಂದರೆಯಾಗದ ಹಾಗೆ ನೋಡಿಕೊಳ್ಳುವ ಗಂಡ ತಾನು ಎಂದು ಅವನು ನಂಬಿದ್ದ. ಕ್ಷಮಾ ಮೊದಮೊದಲು ಮಾತಾಡದೆ ನುಂಗಿದಳು. ಆಮೇಲೆ ವಾಕರಿಕೆ ಎಂದಳು. ಆಮೇಲೆ, ಹೊತ್ತಲ್ಲದ ಹೊತ್ತಿಗೆ ರಕ್ತ ಹೋಗುತ್ತದೆ ಎಂದಳು.

"ಯಾವುದು ತಿಂಗಳದ್ದು, ಯಾವುದು ಮಾತ್ರೆಯಿಂದ ಆದದ್ದು ಅಂತ ನನಗೀಗ ಲೆಕ್ಕವೇ ಸಿಗುದಿಲ್ಲ" ಎಂದು ಒಂದು ಭಾನುವಾರ ಬಟ್ಟೆ ಮಡಚುತ್ತಾ ಹೇಳಿದಳು. "ಒಮ್ಮೆ ಡಾಕ್ಟರ್ ಹತ್ತಿರ ಹೋಗುವ."

"ಈ ವಾರ ಆಗುದಿಲ್ಲ. ಸೀತಾಂಗೋಳಿಯ ಆ ಹೊಸ ಮನೆಯ ಗೃಹಪ್ರವೇಶ ಉಂಟು, ಅದರೊಳಗೆ ಕಿಟಕಿ ಕೂರಿಸಿ ಕೊಡಬೇಕು."

"ಹಾಗಾದ್ರೆ ನಾನೊಬ್ಬಳೇ ಹೋಗ್ತೇನೆ."

"ಒಬ್ಬಳೇ ಹೋಗಿ ಎಂತ ಹೇಳ್ತಿ? ಅಮ್ಮ ಎಲ್ಲಿಗೆ ಅಂತ ಕೇಳಿದ್ರೆ? ಪರೀಕ್ಷೆ ಆಗ್ಲಿ, ನಾನೇ ಕರ್ಕೊಂಡು ಹೋಗ್ತೇನೆ."

ಅವಳು ಮಡಚಿದ ಬಟ್ಟೆಯನ್ನು ಎತ್ತಿಕೊಂಡು ಹೋದಳು. ಅವಳ ಮೌನವನ್ನು ಒಪ್ಪಿಗೆ ಎಂದುಕೊಂಡ ಪ್ರವೀಣ. ಪರೀಕ್ಷೆ ಹತ್ತಿರ ಬಂದಂತೆ ಅವಳು ಕೆಳಹೊಟ್ಟೆಯ ಒಂದು ಬದಿಯಲ್ಲಿ ನೋವು ಎನ್ನತೊಡಗಿದಳು. ಓದುತ್ತಾ ಕುಳಿತವಳು ಎಡಗೈಯನ್ನು ಅಲ್ಲಿ ಒತ್ತಿ ಹಿಡಿದುಕೊಂಡಿರುತ್ತಿದ್ದಳು. ಅವನು ಟೆನ್ಶನ್ ಎಂದ. ನೋವಿನ ಮಾತ್ರೆ ತಂದುಕೊಟ್ಟ.

ಪರೀಕ್ಷೆಯ ದಿನ ಅವಳನ್ನೂ ಭವ್ಯಶ್ರೀಯನ್ನೂ ತನ್ನ ಪಿಕಪ್ಪಿನಲ್ಲೇ ಕಾಸರಗೋಡಿಗೆ ಕರೆದುಕೊಂಡು ಹೋದ. ಕೇಂದ್ರವಾಗಿದ್ದ ಶಾಲೆಯ ಗೇಟಿನ ಹತ್ತಿರ ಇಳಿಯುವಾಗ ಕ್ಷಮಾ ಗಾಡಿಯ ಬಾಗಿಲು ಹಿಡಿದುಕೊಂಡು ಸ್ವಲ್ಪ ನಿಂತಳು. ತುಟಿ ಬಿಳಿಚಿತ್ತು. "ತಲೆ ತಿರುಗಿದ ಹಾಗೆ ಆಗ್ತದೆ" ಎಂದಳು. ಪ್ರವೀಣ ಎದುರಿನ ಗಾಡಿಯಿಂದ ಎಳನೀರು ತಂದು ಕುಡಿಸಿದ. "ಇಷ್ಟು ಓದಿದ್ದಿ, ಈಗ ಹೆದರ್ಲಿಕ್ಕೆ ಎಂತ ಉಂಟು? ಧೈರ್ಯದಲ್ಲಿ ಬರಿ" ಎಂದ. ಭವ್ಯಶ್ರೀ ಮಾತ್ರ ಅವಳ ಮುಖವನ್ನೇ ನೋಡುತ್ತಾ, "ಆಗದಿದ್ರೆ ಬೇಡ ಕ್ಷಮಾ, ಡಾಕ್ಟರ್ ಹತ್ತಿರ ಹೋಗು" ಎಂದಳು. ಕ್ಷಮಾ ತಲೆಯಾಡಿಸಿ ಒಳಗೆ ಹೋದಳು. ಅವಳ ಬೆನ್ನು ಕಾಣುವವರೆಗೆ ನೋಡಿ ಪ್ರವೀಣ ಚಹಾ ಕುಡಿಯಲು ಹೋದ.

ಗುರುತಿಲ್ಲದ ನಂಬರಿನಿಂದ ಫೋನು ಬಂದಾಗ ಅವನು ಇನ್ನೂ ಹೋಟೆಲಿನಲ್ಲೇ ಇದ್ದ. ಆಚೆ ಕಡೆಯವರು ಮಲಯಾಳದಲ್ಲಿ ಅವಸರವಸರವಾಗಿ ಮಾತಾಡಿದರು. ಕ್ಷಮಾ ಡೆಸ್ಕಿನ ಮೇಲೆ ಕವುಚಿ ಬಿದ್ದಿದ್ದಳು, ಎಬ್ಬಿಸಿದರೂ ಎದ್ದಿರಲಿಲ್ಲ, ಹತ್ತಿರದ ಆಸ್ಪತ್ರೆಗೆ ಒಯ್ಯುತ್ತಿದ್ದರು.

ಆಸ್ಪತ್ರೆಯಲ್ಲಿ ಅವಳನ್ನು ಆಗಲೇ ಒಳಗೆ ಮಲಗಿಸಿದ್ದರು. ಸ್ಕ್ಯಾನ್ ಮಾಡಿದ ಲೇಡಿ ಡಾಕ್ಟರು ಹೊರಗೆ ಬಂದು ಅವನನ್ನು ಪಕ್ಕಕ್ಕೆ ಕರೆದರು. ಮಲಯಾಳದ ಧಾಟಿಯ ಕನ್ನಡ ಅವರದು. ನಿಧಾನವಾಗಿ, ಸ್ಪಷ್ಟವಾಗಿ ಮಾತಾಡುವವರು.

"ಗರ್ಭ ಉಂಟು. ಆದ್ರೆ ಗರ್ಭಕೋಶದಲ್ಲಿ ಅಲ್ಲ, ಟ್ಯೂಬಿನಲ್ಲಿ. ಅದು ಒಡೆದು ಹೊಟ್ಟೆಯ ಒಳಗೆ ರಕ್ತ ತುಂಬಿದೆ. ಈಗಲೇ ಆಪರೇಷನ್ ಮಾಡಬೇಕು. ಕೊನೆಯ ಮುಟ್ಟು ಯಾವಾಗ ಆದದ್ದು?"

ಪ್ರವೀಣನಿಗೆ ಗೊತ್ತಿರಲಿಲ್ಲ. "ಮೊನ್ನೆ ಮೊನ್ನೆ ರಕ್ತ ಹೋಗಿತ್ತು" ಎಂದ.

"ಆ ಎಮರ್ಜೆನ್ಸಿ ಮಾತ್ರೆ ಎಷ್ಟು ಸಲ ತಗೊಂಡಿದ್ದಾರೆ?"

"ಒಂದೆರಡು ಸಲ."

ಡಾಕ್ಟರು ಅವನ ಮುಖ ನೋಡಿದರು. "ಅವರಿಗೆ ಸ್ವಲ್ಪ ಎಚ್ಚರ ಇದ್ದಾಗ ನಾನು ಕೇಳಿದೆ. ಎಷ್ಟು ಸಲ ಅಂತ ನೆನಪೇ ಇಲ್ಲ, ಗಂಡನ ಹತ್ತಿರ ಕೇಳಿ, ತರುದು ಅವರೇ ಅಂತ ಹೇಳಿದ್ರು."

ಡಾಕ್ಟರು ಮತ್ತೆ ಕೇಳಲಿಲ್ಲ. ಅವರಿಗೆ ಸಮಯ ಇರಲಿಲ್ಲ. ಅವನು ಸಹಿ ಮಾಡಬೇಕಾದಲ್ಲಿ ಸಹಿ ಮಾಡಿದ. ರಕ್ತ ಬೇಕೆಂದರು. ಅವನ ಗುಂಪು ಹೊಂದಲಿಲ್ಲ, ಬೇರೆ ಕಡೆಯಿಂದ ತರಿಸಿದರು. ಅವಳಿಗೆ ರಕ್ತ ಕೊಡುವುದಕ್ಕೂ ತನ್ನಿಂದ ಆಗಲಿಲ್ಲವಲ್ಲ ಎಂದು ಅವನು ಆಪರೇಷನ್ ಥಿಯೇಟರಿನ ಹೊರಗೆ ಗೋಡೆಗೆ ಒರಗಿ ನಿಂತ.

ಕ್ಷಮಾ ಉಳಿದಳು. ಒಡೆದಿದ್ದ ಬದಿಯ ಟ್ಯೂಬನ್ನು ತೆಗೆಯಬೇಕಾಯಿತು. ಇನ್ನೊಂದು ಬದಿ ಸರಿ ಉಂಟು, ಮುಂದೆ ಮಗುವಾಗಲು ಅಡ್ಡಿಯಿಲ್ಲ ಎಂದರು ಡಾಕ್ಟರು. ಆ ಮಾತು ಕೇಳಿ ಸ್ವಲ್ಪ ಜೀವ ಬಂದ ಪ್ರವೀಣ, "ಮಾತ್ರೆಯಿಂದ ಹೀಗಾದದ್ದಾ ಡಾಕ್ಟರೇ?" ಎಂದು ಕೇಳಿದ. ಹೌದೆಂದಿದ್ದರೆ ಮಾತ್ರೆಯನ್ನು ಬೈದುಕೊಂಡು ಹಗುರವಾಗಬಹುದಿತ್ತು.

"ಮಾತ್ರೆಯಿಂದಲೇ ಆಯ್ತು ಅಂತ ನಾನು ಹೇಳುದಿಲ್ಲ. ಇದು ಯಾವ ಮಾತ್ರೆ ತಿನ್ನದವರಿಗೂ ಆಗ್ತದೆ. ಆ ಮಾತ್ರೆ ಕೆಟ್ಟದ್ದೂ ಅಲ್ಲ. ಒಂದು ದಿನ ತಪ್ಪಿ ಹೋಯ್ತು, ಕೂಡಲೇ ತಗೊಂಡ್ರು, ಒಳ್ಳೆಯದೇ. ಆದ್ರೆ ಅದು ಪ್ರತಿ ಸಲವೂ ಫಲ ಕೊಡುದಿಲ್ಲ. ಅದನ್ನೇ ನೆಚ್ಚಿಕೊಂಡು ತಿಂಗಳು ತಿಂಗಳು ಕಳೆದ್ರೆ ಯಾವಾಗಾದ್ರೂ ಒಮ್ಮೆ ಕೈ ಕೊಡ್ತದೆ. ರಕ್ತ ಕಂಡ ಕೂಡಲೇ ಮುಟ್ಟಾಯ್ತು, ಇನ್ನು ಹೆದರಿಕೆ ಇಲ್ಲ ಅಂತ ನೀವಿಬ್ಬರೂ ತಿಳ್ಕೊಂಡ್ರಿ. ನೋವು ಶುರುವಾದ ದಿನ ಕರ್ಕೊಂಡು ಬಂದಿದ್ರೆ ಇಷ್ಟಕ್ಕೆ ಬರ್ತಿರಲಿಲ್ಲ." ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನೀವು ಎಂತ ಉಪಯೋಗಿಸ್ತಿದ್ರಿ?"

ಅವನು ಪ್ರಶ್ನೆ ಅರ್ಥವಾಗದವನಂತೆ ನೋಡಿದ.

"ನೀವು, ನಿಮ್ಮ ಕಡೆಯಿಂದ" ಎಂದರು ಡಾಕ್ಟರು. ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಹರಿಣಾಕ್ಷಿ ಧೃತಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದರು. ಪೆರ್ಲದಿಂದ ಕ್ಷಮಾಳ ತಾಯಿ ವಸುಮತಿಯೂ ಬಂದು ಮಗಳ ಹಾಸಿಗೆಯ ಪಕ್ಕ ಕುಳಿತಿದ್ದರು. ಹರಿಣಾಕ್ಷಿ ಒಳಗೆ ಹೋಗಿ ಸೊಸೆಯ ಕಾಲು ಮುಟ್ಟಿ ನೋಡಿ ಹೊರಗೆ ಬಂದರು. ವರಾಂಡದ ಬೆಂಚಿನಲ್ಲಿ ಮಗನ ಹತ್ತಿರ ಕುಳಿತರು. ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡರು. ಮಗ ಇಷ್ಟೊಂದು ಮಾತನ್ನು ತನ್ನೆದುರು ಬಿಡಿಸಿ ಹೇಳಿದ್ದು ಅವನು ಹುಟ್ಟಿದ ಮೇಲೆ ಇದೇ ಮೊದಲು.

ಆಮೇಲೆ ಅವರು ಹೇಳಿದರು. "ನೀನು ಹುಟ್ಟಿದಾಗ ಆಸ್ಪತ್ರೆಯಲ್ಲಿ ನನಗೆ ಹೇಳದೆಯೇ ಅದನ್ನು ಹಾಕಿದ್ರು. ಕಾಪರ್-ಟಿ. ಮನೆಗೆ ಬಂದ ಮೇಲೆ ರಕ್ತ ನಿಲ್ಲುದೇ ಇಲ್ಲ. ಎಂತ ಆಗ್ತಾ ಉಂಟು ಅಂತ ನನಗೂ ಗೊತ್ತಿಲ್ಲ, ನಿನ್ನ ಅಜ್ಜಿಗೂ ಗೊತ್ತಿಲ್ಲ. ಕಡೆಗೆ ಮತ್ತೆ ಆಸ್ಪತ್ರೆಗೆ ಹೋದಾಗ ಒಬ್ಬ ನರ್ಸ್ ತೆಗೆದು ಕೈಯಲ್ಲಿ ಹಿಡಿದು ತೋರಿಸಿದಳು. ನಿನ್ನ ಅಪ್ಪನಿಗೂ ನಾನು ಹೇಳಲಿಲ್ಲ. ಅದೇ ಹೆದರಿಕೆ ನನಗೆ. ನನಗಾದದ್ದು ಈ ಹುಡುಗಿಗೆ ಆಗುದು ಬೇಡ ಅಂತ ಬೇಡ ಅಂದೆ."

"ನೀವು ಅವತ್ತೇ ಇದನ್ನು ಹೇಳಿದ್ರೆ ಆಗ್ತಿತ್ತಲ್ಲ ಅಮ್ಮ."

"ಹೇಳಬೇಕಿತ್ತು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕುಳಿತರು. "ನಾನು ಹಳೆಯ ಕಾಲದವಳು, ಹೆದರಿ ಹೇಳಿದೆ. ನೀನು ಎಂತಕ್ಕೆ ಸುಮ್ಮನೆ ಕೂತದ್ದು ಮಗ? ಒಂದು ಸಲ ಬಂದು, ಅಮ್ಮ ಎಂತಕ್ಕೆ ಬೇಡ ಅಂತ ಕೇಳಿದ್ರೆ ನಾನು ಹೇಳ್ತಿರಲಿಲ್ವಾ?"



ಡಿಸ್ಚಾರ್ಜ್ ಆದ ದಿನ ವಸುಮತಿ ಮಗಳನ್ನೂ ಮೊಮ್ಮಗಳನ್ನೂ ಪೆರ್ಲಕ್ಕೆ ಕರೆದುಕೊಂಡು ಹೋದರು. ಸ್ವಲ್ಪ ದಿನ ಸುಧಾರಿಸಿಕೊಳ್ಳಲಿ ಎಂದರು. ಯಾರೂ ಬೇಡವೆನ್ನಲಿಲ್ಲ. ಪ್ರವೀಣ ಭಾನುವಾರ ಭಾನುವಾರ ಹೋಗಿ ಬರುತ್ತಿದ್ದ. ಕ್ಷಮಾ ಅವನೊಡನೆ ಸಾಧಾರಣವಾಗಿಯೇ ಮಾತಾಡುತ್ತಿದ್ದಳು: ಹೊಲಿಗೆ ಒಣಗಿದೆ, ಧೃತಿಗೆ ಶೀತ, ಭವ್ಯಶ್ರೀ ಚೆನ್ನಾಗಿ ಬರೆದಿದ್ದಾಳಂತೆ. ಪರೀಕ್ಷೆಯ ದಿನ ಗೆಳತಿ ಬೇರೆ ಕೋಣೆಯಲ್ಲಿದ್ದಳು. ಮುಗಿಸಿ ಹೊರಗೆ ಬಂದ ಮೇಲೆಯೇ ಅವಳಿಗೆ ವಿಷಯ ತಿಳಿದದ್ದು. ಗೇಟಿನಲ್ಲಿ ಅತ್ತಳಂತೆ. ಕ್ಷಮಾ ಇದನ್ನೆಲ್ಲ ದೂರಿನ ದನಿಯಲ್ಲಿ ಹೇಳುತ್ತಿರಲಿಲ್ಲ. ಹೇಗೋ ದಾಟಿಬಿಟ್ಟೆವು ಎಂದು ಪ್ರವೀಣ ನಂಬತೊಡಗಿದ್ದ.

ಊರು ಮಾತ್ರ ಸುಮ್ಮನಿರಲಿಲ್ಲ. ಕಾಸರಗೋಡಿನ ಪರೀಕ್ಷಾ ಕೇಂದ್ರದಿಂದ ಹೊರಟ ಸುದ್ದಿ ಬದಿಯಡ್ಕಕ್ಕೆ ಬರುವ ಹೊತ್ತಿಗೆ ಅದಕ್ಕೆ ಕೈಕಾಲು ಬಂದಿತ್ತು. ಒಂದು ದಿನ ಬದಿಯಡ್ಕದಲ್ಲಿ ಅಳತೆ ತೆಗೆಯುವ ಕೆಲಸ ಮುಗಿಸಿ ಪ್ರವೀಣ ಹೋಟೆಲಿಗೆ ಹೋದಾಗ ಸುಧೀರ್ ಮತ್ತು ಶಿವಸುಬ್ರಹ್ಮಣ್ಯ ಭಟ್ಟರು ಒಂದೇ ಮೇಜಿನಲ್ಲಿದ್ದರು. ಭಟ್ಟರು ಪಕ್ಕದ ಕುರ್ಚಿ ತೋರಿಸಿ ಕೂರಿಸಿಕೊಂಡರು. ಕ್ಷಮಾ ಹೇಗಿದ್ದಾಳೆ ಎಂದು ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿದರು.

"ಈಗಿನ ಹೆಣ್ಮಕ್ಕಳಿಗೆ ಕೆಲಸ ಅಂದ್ರೆ ಒಂದು ಹುಚ್ಚು, ಪ್ರವೀಣ. ಪರೀಕ್ಷೆ ಉಂಟು ಅಂತ ಹೊಟ್ಟೆಯಲ್ಲಿದ್ದದ್ದನ್ನು ಮಾತ್ರೆ ತಿಂದು ತೆಗೀಲಿಕ್ಕೆ ಹೋಗುದಾ? ಪಾಪ, ನಿನಗೆ ಗೊತ್ತೇ ಇರ್ಲಿಕ್ಕಿಲ್ಲ. ನಿನ್ನ ಹತ್ತಿರ ಕೇಳದೆ ತಿಂದಿರಬೇಕು."

"ನನ್ನ ಅಂಗಡಿಯಿಂದ ಅಲ್ಲ ಮಾರಾಯ, ಅದೊಂದು ಸಮಾಧಾನ" ಎಂದ ಸುಧೀರ್.

ಪ್ರವೀಣ ಆಗ ಬಾಯಿ ಬಿಡಬಹುದಿತ್ತು. ಹಾಗಲ್ಲ ಭಟ್ರೇ, ಅದು ಗರ್ಭ ತೆಗೆಯುವ ಮಾತ್ರೆಯೇ ಅಲ್ಲ, ಗರ್ಭ ನಿಲ್ಲದ ಹಾಗೆ ಮೊದಲೇ ತಿನ್ನುವ ಮಾತ್ರೆ, ತಂದುಕೊಟ್ಟದ್ದು ನಾನೇ, ಅವಳು ಬೇಡ ಬೇಡ ಅಂದಳು. ಇಷ್ಟು ಮಾತು ಅವನ ಗಂಟಲಿನಲ್ಲೇ ಇತ್ತು. ಭಟ್ಟರು ಅನುಕಂಪದಿಂದ ಅವನ ಹೆಗಲ ಮೇಲೆ ಕೈ ಇಟ್ಟಿದ್ದರು. ಏನೂ ಅರಿಯದ ಗಂಡ ಎಂದು ಅವರು ಅವನಿಗೊಂದು ಜಾಗ ಮಾಡಿಕೊಟ್ಟಿದ್ದರು, ಅವನು ಅಲ್ಲಿ ಕುಳಿತುಬಿಟ್ಟ. ಚಹಾ ಕುಡಿದು, ಬರ್ತೇನೆ ಎಂದು ಎದ್ದ.

ಮುಂದಿನ ಭಾನುವಾರ ಪೆರ್ಲದ ಮನೆಯ ಜಗಲಿಯಲ್ಲಿ ಕ್ಷಮಾ ಅವನಿಗೆ ಕಾದೇ ಇದ್ದಳು. ಧೃತಿ ಅಂಗಳದಲ್ಲಿ ಅಜ್ಜಿಯ ಹಿಂದೆ ಓಡುತ್ತಿದ್ದಳು. ಸುಧೀರನ ಹೆಂಡತಿಯ ತವರು ಪೆರ್ಲದಲ್ಲೇ. ಮಾತು ದಾರಿ ತಪ್ಪದೆ ಬಂದು ಮುಟ್ಟಿತ್ತು.

"ನಾನು ನಿಮಗೆ ಗೊತ್ತಿಲ್ಲದೆ ಮಾತ್ರೆ ತಿಂದು ಮಗುವನ್ನು ತೆಗೆದದ್ದಂತೆ" ಎಂದಳು. "ಭಟ್ಟರು ಹೇಳುವಾಗ ನೀವು ಅಲ್ಲೇ ಇದ್ರಂತೆ. ಹೌದಾ?"

"ಹೌದು."

"ನೀವು ಎಂತ ಹೇಳಿದ್ರಿ?"

"ನಾನು ಎಂತದೂ ಹೇಳಲಿಲ್ಲ."

"ಅದೇ" ಎಂದಳು ಕ್ಷಮಾ.

ಆಮೇಲೆ ಶಾಂತವಾಗಿ ಹೇಳಿದಳು. "ಹೊಟ್ಟೆಯಲ್ಲಿ ಇದ್ದದ್ದು ಹೋಯ್ತು, ಅದು ನನಗೆ ಗೊತ್ತೇ ಇರಲಿಲ್ಲ. ಪರೀಕ್ಷೆ ಹೋಯ್ತು, ಇನ್ನೊಮ್ಮೆ ಬರಿಯುವ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ. ಮಾತ್ರೆ ನುಂಗಿದ್ದು ನಾನೇ, ನೀವು ಬಾಯಿಗೆ ತುರುಕಿದ್ದಲ್ಲ. ನನಗೂ ಒಂದು ಗಟ್ಟಿತನ ಇರಬೇಕಿತ್ತು, ಸಿಸ್ಟರ್ ಹೇಳಿದ ದಿನವೇ ಬಸ್ ಹತ್ತಿ ಹೋಗಬೇಕಿತ್ತು. ಇದನ್ನೆಲ್ಲ ನಾನು ದಿನಾ ನೆನೆಸ್ತೇನೆ. ಆದ್ರೆ ಅಲ್ಲಿ, ಅಷ್ಟು ಜನರ ಎದುರು, ಒಂದು ಮಾತು ಹೇಳ್ಲಿಕ್ಕೆ ನಿಮಗೆ ಆಗಲಿಲ್ವಾ?"

ಅವನು ತಪ್ಪಾಯಿತು ಎಂದ. ಇನ್ನೊಮ್ಮೆ ಎಂದ. ಅವಳು ತಲೆಯಾಡಿಸಿ, ಚಹಾ ತರುತ್ತೇನೆಂದು ಒಳಗೆ ಹೋದಳು. ಚಹಾ ತಂದದ್ದು ವಸುಮತಿ.

ಮರುದಿನವೇ ಅವನು ಬದಿಯಡ್ಕಕ್ಕೆ ಹೋದ. ಸುಧೀರನ ಅಂಗಡಿಯಲ್ಲಿ ನಿಂತು ಹೇಳಿದ, ಆಮೇಲೆ ಭಟ್ಟರ ಮನೆಯ ಮೆಟ್ಟಿಲು ಹತ್ತಿ ಅವರ ಎದುರಿಗೂ ಹೇಳಿದ. ಮಾತ್ರೆ ತರುತ್ತಿದ್ದದ್ದು ತಾನು, ಬೇರೆ ಯಾವ ದಾರಿಯೂ ಬೇಡವೆಂದದ್ದು ತಾನು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗದೆ ದಿನ ದೂಡಿದ್ದೂ ತಾನು. ಸುಧೀರ್ ಕೌಂಟರಿನ ಮೇಲಿದ್ದ ಡಬ್ಬಗಳನ್ನು ಅತ್ತಿತ್ತ ಸರಿಸಿದ. ಭಟ್ಟರು ಮುಜುಗರದಿಂದ ಶಲ್ಯ ಸರಿಪಡಿಸಿಕೊಂಡು, "ಆಯ್ತು, ಆದದ್ದು ಆಗಿ ಹೋಯ್ತು. ಇದನ್ನೆಲ್ಲ ಹೀಗೆ ಹೇಳಿಕೊಂಡು ತಿರುಗ್ಲಿಕ್ಕುಂಟಾ?" ಎಂದರು. ಅವರು ಇದನ್ನು ಯಾರಿಗೂ ಹೇಳಲಿಲ್ಲ. ಮೊದಲಿನ ಕತೆ ಹೋದಷ್ಟು ದೂರ ಈ ಮಾತು ಹೋಗಲೇ ಇಲ್ಲ.

ಇದಾಗಿ ಕೆಲವು ವಾರಗಳ ನಂತರ ಹರಿಣಾಕ್ಷಿ ಒಂದು ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಬಸ್ಸಿಗೆ ಹೊರಟರು. ಎಲ್ಲಿಗೆ ಎಂದು ಪ್ರವೀಣ ಕೇಳಿದ್ದಕ್ಕೆ, "ಪೆರ್ಲಕ್ಕೆ, ಮಗುವನ್ನು ನೋಡಿ ಬರ್ತೇನೆ" ಎಂದರು. ಸಂಜೆ ಬಂದವರು ಕಾಲು ತೊಳೆದು ಒಳಗೆ ಕುಳಿತು, ಅವನು ಕೇಳದೆಯೇ ಹೇಳಿದರು.

"ಕ್ಷಮಾ ಕಾಪರ್-ಟಿ ಹಾಕಿಸಿಕೊಂಡಳು. ಡಾಕ್ಟರ್ ಹತ್ತಿರ ಕೇಳಿಯೇ ಹಾಕಿಸಿದ್ದು, ಅವಳಿಗೆ ಆಗ್ತದೆ ಅಂದ್ರು. ನಾನು ಜತೆಗೆ ಹೋಗಿದ್ದೆ."

"ನೀವಾ?"

"ಅವಳೇ ಫೋನ್ ಮಾಡಿ ಬರ್ತೀರಾ ಅಂತ ಕೇಳಿದಳು. ಒಳಗೂ ಕರ್ಕೊಂಡು ಹೋದಳು. ನನಗೇ ಹೆದರಿಕೆ ಆಗ್ತಾ ಇತ್ತು. ಅವಳು ನನ್ನ ಕೈ ಹಿಡ್ಕೊಂಡು, ಮಾಮಿ ಎಂತ ಆಗುದಿಲ್ಲ, ಇಲ್ಲಿ ಎಲ್ಲ ಕೇಳಿ ಹೇಳಿಯೇ ಮಾಡ್ತಾರೆ ಅಂತ ನನಗೇ ಧೈರ್ಯ ಹೇಳಿದಳು." ಹರಿಣಾಕ್ಷಿ ಕಣ್ಣೊರಸಿಕೊಂಡರು. ಅವರ ಮುಖದಲ್ಲಿ ಅವನು ಹಿಂದೆಂದೂ ಕಾಣದ ಒಂದು ಹಗುರವಿತ್ತು.

ಧೃತಿಯನ್ನು ಅಂಗನವಾಡಿಗೆ ಸೇರಿಸುವ ಹೊತ್ತಿಗೆ ಕ್ಷಮಾ ಸೀತಾಂಗೋಳಿಗೆ ಮರಳಿದಳು. ಅವಳನ್ನು ಕರೆತರಲು ಪ್ರವೀಣ ಪಿಕಪ್ ತೆಗೆದುಕೊಂಡು ಹೋಗಿದ್ದ. ದಾರಿಯುದ್ದಕ್ಕೂ ಹೇಗೆ ಶುರುಮಾಡುವುದೆಂದು ಯೋಚಿಸುತ್ತಾ ಬಂದವನು ಬದಿಯಡ್ಕ ದಾಟಿದ ಮೇಲೆ ಹೇಳಿದ.

"ಹೆಲ್ತ್ ಸೆಂಟರಿಗೆ ಹೋಗುವ ವಿಷಯ ನನಗೆ ಹೇಳಿದ್ರೆ ನಾನೂ ಬರ್ತಿದ್ದೆ."

"ಬರ್ತಿದ್ರಿ ಅಂತ ನನಗೂ ಗೊತ್ತು" ಎಂದಳು. ಮಡಿಲಿನಲ್ಲಿ ನಿದ್ದೆ ಹೋಗಿದ್ದ ಮಗಳ ತಲೆಯನ್ನು ಸರಿಯಾಗಿ ಇಟ್ಟುಕೊಂಡಳು. "ನಿಮ್ಮ ಹತ್ತಿರ ಕೇಳಬೇಕು ಅಂತ ನೆನಪೇ ಆಗಲಿಲ್ಲ."

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಅದು ಗೊತ್ತಾದದ್ದರಿಂದಲೇ ಪ್ರವೀಣನಿಗೆ ಆಮೇಲೆ ಮಾತಾಡಲಾಗಲಿಲ್ಲ. ಅವಳು ಬೈದಿದ್ದರೆ, ಅತ್ತಿದ್ದರೆ, ತಪ್ಪಾಯಿತು ಎಂದು ಇನ್ನೊಮ್ಮೆ ಹೇಳಬಹುದಿತ್ತು.

ಭವ್ಯಶ್ರೀಗೆ ಕೆಲಸ ಸಿಕ್ಕಿತು. ಸಿಹಿ ಹಂಚಲು ಬಂದವಳನ್ನು ಕ್ಷಮಾ ತಬ್ಬಿಕೊಂಡಳು. ಅವಳು ಹೋದ ಮೇಲೆ ಬಾವಿಕಟ್ಟೆಯ ಹತ್ತಿರ ಸುಮಾರು ಹೊತ್ತು ಒಬ್ಬಳೇ ನಿಂತಿದ್ದಳು. ಪ್ರವೀಣ ಅದನ್ನು ಒಳಗಿನಿಂದ ನೋಡಿದ. ಹತ್ತಿರ ಹೋಗಬೇಕೆಂದುಕೊಂಡ, ಹೋಗಿ ಎಂತ ಹೇಳುವುದೆಂದು ತಿಳಿಯದೆ ಕಿಟಕಿಯಲ್ಲೇ ಉಳಿದ. ಮುಂದಿನ ವಾರದಿಂದ ಅವಳು ಮತ್ತೆ ಓದಲು ಕುಳಿತಳು. ಬದಿಯಡ್ಕದ ಒಂದು ಖಾಸಗಿ ಶಾಲೆಯಲ್ಲಿ ತಾತ್ಕಾಲಿಕ ಕೆಲಸಕ್ಕೂ ಸೇರಿಕೊಂಡಳು.

ಅವಳು ಕೆಟ್ಟ ಹೆಂಡತಿಯಾಗಲಿಲ್ಲ. ಅವನ ಊಟ, ಅವನ ಜ್ವರ, ವರ್ಕ್‌ಶಾಪಿನ ಕಷ್ಟ, ಎಲ್ಲವನ್ನೂ ವಿಚಾರಿಸುತ್ತಾಳೆ. ರಾತ್ರಿ ಪಕ್ಕದಲ್ಲೇ ಮಲಗುತ್ತಾಳೆ. ತನ್ನ ಮೈಯ ವಿಷಯ ಮಾತ್ರ ಅವನೆದುರು ಎತ್ತುವುದಿಲ್ಲ. ತಲೆನೋವು ಬಂದರೆ ಹರಿಣಾಕ್ಷಿಗೆ ಹೇಳುತ್ತಾಳೆ. ಅತ್ತೆ ಸೊಸೆ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡಿಕೊಳ್ಳುವುದು ಅವನಿಗೆ ಕೇಳುತ್ತದೆ; ಅವನು ಬಾಗಿಲಿಗೆ ಬಂದರೆ ಅವರು ಬೇರೆ ಮಾತು ತೆಗೆಯುವುದೂ ಇಲ್ಲ, ಅವನನ್ನು ಒಳಗೆ ಸೇರಿಸಿಕೊಳ್ಳುವುದೂ ಇಲ್ಲ.

ಕಾಸರಗೋಡಿನ ಡಾಕ್ಟರನ್ನು ಮತ್ತೊಮ್ಮೆ ಕಾಣುವ ದಿನ ಬಂದಾಗ ಅವನು ಕೆಲಸ ಬಿಟ್ಟು ತಾನೇ ಕರೆದುಕೊಂಡು ಹೋದ. ಡಾಕ್ಟರು ಪರೀಕ್ಷಿಸಿ, ಎಲ್ಲ ಚೆನ್ನಾಗಿದೆ, ಮುಂದೆ ಮಗು ಬೇಕು ಅಂತ ಕಂಡಾಗ ಬನ್ನಿ, ಆಗ ಶುರುವಿನಲ್ಲೇ ಸ್ಕ್ಯಾನ್ ಮಾಡಬೇಕು ಎಂದರು. ಹೊರಗೆ ಬಂದು ಗಾಡಿಯ ಕಡೆ ನಡೆಯುವಾಗ ಪ್ರವೀಣ ಧೈರ್ಯ ಮಾಡಿ ಕೇಳಿದ.

"ಇನ್ನೊಂದು ಬೇಕು ಅಂತ ಉಂಟಾ ನಿನಗೆ?"

ಕ್ಷಮಾ ನಿಂತು ಅವನನ್ನು ನೋಡಿದಳು. ಹಿಂದೆ ಎಂದೂ ಅವನು ಹೀಗೆ ಕೇಳಿದ್ದಿಲ್ಲ. ಅದು ಅವಳಿಗೂ ತೋಚಿರಬೇಕು. ಮುಖ ಸ್ವಲ್ಪ ಮೆತ್ತಗಾಯಿತು.

"ಬೇಕು ಅಂತ ಕಂಡ ದಿನ ಹೇಳ್ತೇನೆ" ಎಂದಳು.

"ಆಯ್ತು" ಎಂದ ಅವನು.

ಅದಾಗಿ ವರ್ಷವೊಂದು ಕಳೆದಿದೆ. ಅವಳು ಇನ್ನೂ ಹೇಳಿಲ್ಲ. ಅವನು ಮತ್ತೆ ಕೇಳಿಲ್ಲ.